ನನ್ನ ಕೋಣೆ ಯಾವ ಕಡೆ?



ವಾಶಿಯಲ್ಲಿ ಸಿಡ್ಕೊ ಕಟ್ಟಿದ ಹಳೆಯ ಕಟ್ಟಡಗಳ ಜಾಗದಲ್ಲಿ ಈಗ ಟವರ್‌ಗಳು ಏಳುತ್ತಿವೆ. ಹೊಸ ಫ್ಲ್ಯಾಟ್ ಕೈಗೆ ಬರುವ ತನಕ ಬಾಡಿಗೆ ಮನೆ. ನಾವೂ ಗಂಟುಮೂಟೆ ಕಟ್ಟಿದೆವು. ಮೊದಲ ರಾತ್ರಿ ಅಮ್ಮ ಬಚ್ಚಲು ಹುಡುಕುತ್ತ ಹೋಗಿ ಅಡುಗೆಮನೆಯಲ್ಲಿ ನಿಂತಿದ್ದರು. ಹಳೆಯ ಮನೆಯಲ್ಲಿ ಕತ್ತಲಲ್ಲೂ ಕಾಲಿಗೆ ದಾರಿ ಗೊತ್ತಿತ್ತು. ಮರುದಿನವೇ ದಾರಿಗೆ ಸಣ್ಣ ದೀಪ ಹಾಕಿಸಿದೆ, ಬಚ್ಚಲ ಗೋಡೆಗೆ ಹಿಡಿಕೆ ಜಡಿಸಿದೆ, ಮಂಚವನ್ನು ಮೊದಲಿದ್ದ ದಿಕ್ಕಿಗೇ ತಿರುಗಿಸಿದೆ.

ಇನ್ನೊಂದು ವಿಷಯ. ಫ್ಲ್ಯಾಟ್ ಅಮ್ಮನ ಹೆಸರಿನಲ್ಲಿದೆ. "ಹೇಗೂ ಕಾಗದಪತ್ರ ಆಗುತ್ತಿದೆ, ನನ್ನ ಹೆಸರಿಗೇ ಮಾಡಿಬಿಡಮ್ಮ" ಎಂದುಬಿಟ್ಟೆ. ಅಮ್ಮ ಪ್ರಶ್ನೆ ಕೇಳಲಿಲ್ಲ, ಪೆನ್ನು ಕೇಳಿದರು. ಅದೇ ನನ್ನನ್ನು ತಡೆಯಿತು.

2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ಹಿಂದಕ್ಕೆ ಕೊಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹಾಗಾಗಿ ಹಿರಿಯರೇ, ಬರೆದುಕೊಡುವುದೇ ಆದರೆ ಷರತ್ತು ಪತ್ರದಲ್ಲೇ ಇರಲಿ. ಮಗನ ಮೇಲೆ ಅನುಮಾನ ಎಂದಲ್ಲ, ಮಗನ ಮಾತಿಗೊಂದು ಸಾಕ್ಷಿ ಎಂದುಕೊಳ್ಳಿ. ಕೇಳುವವರಿಲ್ಲದ ಹಿರಿಯರಿಗೆ 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ನಮ್ಮ ಫ್ಲ್ಯಾಟ್ ಅಮ್ಮನ ಹೆಸರಿನಲ್ಲೇ ಉಳಿಯಿತು. ಈಗ ಮಲಗುವ ಮುಂಚೆ ಅವರದೊಂದೇ ಪ್ರಶ್ನೆ: "ಹೊಸ ಮನೆಯಲ್ಲಿ ನನ್ನ ಕೋಣೆ ಯಾವ ಕಡೆ ಮಗಾ?" ನಕ್ಷೆ ಬಿಡಿಸಿ ತೋರಿಸುತ್ತೇನೆ. ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ತೋರಿಸುತ್ತೇನೆ.