ಆಷಾಢ ತುಂಬಿಸುವ ಕೆಲಸ

ಆಷಾಢ ಹುಟ್ಟುತ್ತಲೇ ನಮ್ಮ ಸಕಲೇಶಪುರ, ಆಲೂರಿನ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೊರಡುತ್ತಾರೆ. ಈ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಮಾತು ಹಳೆಯದು. ಈಗ ಬಸುರಾದರೆ ಬಿರುಬೇಸಿಗೆಯಲ್ಲಿ ಹೆರಿಗೆ ಎಂದು ಕೆಲವರು, ಉಳುಮೆ ನಾಟಿಯ ಹೊತ್ತಿನಲ್ಲಿ ಗಂಡಸಿನ ಮನಸ್ಸು ಗದ್ದೆಯಲ್ಲಿರಲಿ ಎಂದು ಕೆಲವರು ಕಾರಣ ಕೊಡುತ್ತಾರೆ. ಅಪಶಕುನದ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಹೊಸ ಮನೆ, ಹೊಸ ಮಂದಿ, ಹೊಸ ರುಚಿಯ ನಡುವೆ ಎಚ್ಚರದಿಂದಲೇ ಓಡಾಡಿದ ಹುಡುಗಿಗೆ ಅವ್ವನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂರುವ ಒಂದು ತಿಂಗಳು ಸಿಗುತ್ತದಲ್ಲ, ಅದನ್ನು ಮನಸಾರೆ ಒಪ್ಪುತ್ತೇನೆ.

ಹಾಗೆಂದು ಅಗಲಿಕೆಯ ನೋವು ಸುಳ್ಳಲ್ಲ. ಅದೂ ಮಲೆನಾಡಿನ ಮಳೆಯಲ್ಲಿ. ಆರಿದ್ರೆ ಹಿಡಿದದ್ದು ಪುನರ್ವಸುವಿಗೂ ಬಿಡದೆ ಸುರಿಯುತ್ತಿರುತ್ತದೆ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೋ ಹೇಳಲಾಗದು. ಅದರ ಹಿಂದೆಯೇ ಮೊಬೈಲಿನ ಟವರೂ ಸುಮ್ಮನಾಗುತ್ತದೆ. ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯುತ್ತದೆ. ಇತ್ತ ಗಂಡನ ಪಾಡನ್ನು ಕೇಳುವವರೂ ಇಲ್ಲ. ಅವಳಿಗಾದರೆ ಸುತ್ತ ತವರಿನವರಿದ್ದಾರೆ. ಅವನು ‘ಗಂಡಸಿಗೇನು’ ಅನ್ನಿಸಿಕೊಂಡು ಒಬ್ಬನೇ ಉಣ್ಣುತ್ತಾನೆ.

ಈ ಗುಡ್ಡಗಳ ದೊಡ್ಡ ಉಪಕಾರವೆಂದರೆ, ಮಳೆ ಜೋರಾದಷ್ಟೂ ಇಲ್ಲಿ ಕೈಗೆ ಕೆಲಸ ಹೆಚ್ಚು. ಕಳಲೆಯನ್ನೇ ತೆಗೆದುಕೊಳ್ಳಿ. ಮಳೆಗೆ ಬಿದಿರುಮೆಳೆಯಲ್ಲಿ ಎದ್ದ ಮೊಳಕೆಯನ್ನು ತಂದು, ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಬೇಕು. ಅದರಲ್ಲಿ ಕಹಿಯಿದೆ, ವಿಷವೂ ಇದೆ. ದಿನಾ ನೀರು ಬದಲಿಸಿ, ಎರಡು ಮೂರು ದಿನ ಕಳೆದ ಮೇಲೇ ಅದು ಪಲ್ಯಕ್ಕೆ ಬಂದೀತು. ಅವಸರ ಮಾಡುವಂತಿಲ್ಲ, ಮರೆಯುವಂತೆಯೂ ಇಲ್ಲ. ಬಿಸಿ ಕಡುಬಿಗೆ ಕಳಲೆ ಪಲ್ಯ ಹಾಕಿಕೊಂಡು ಉಂಡವರಿಗೆ ಆ ಮೂರು ದಿನದ ಬೆಲೆ ಗೊತ್ತು. ಅವ್ವನಿಂದ ಕೈಹದ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನಾವುದು?

ತೋಟದಲ್ಲಿ ಇದೇ ತಿಂಗಳು ಮೆಣಸಿನ ಬಳ್ಳಿ ನೆಡುತ್ತಾರೆ. ಬೇಸಿಗೆಗೆ ಮೊದಲೇ ಹಂಬು ಕತ್ತರಿಸಿ, ಪ್ಲಾಸ್ಟಿಕ್ ಚೀಲದ ಮಣ್ಣಿನಲ್ಲಿ ಬೇರು ಬರಿಸಿದ ಸಸಿಗಳವು. ಜೂನ್, ಜುಲೈ ಮಳೆಗೆ ಅವನ್ನು ಮರದ ಬುಡಕ್ಕೆ, ಮಧ್ಯಾಹ್ನದ ಬಿಸಿಲು ತಾಗದ ಉತ್ತರದ ಮಗ್ಗುಲಿಗೆ, ಊರಬೇಕು. ಚಿಗುರಿದ ಹಾಗೆಲ್ಲ ಮರಕ್ಕೆ ಕಟ್ಟುತ್ತಾ ಹೋಗಬೇಕು. ಫಸಲು ಕಾಣಲು ಮೂರು ನಾಲ್ಕು ವರ್ಷ. ಹೆಂಡತಿ ತವರಿನಲ್ಲಿರುವಾಗ ಒಂದಿಷ್ಟು ಬಳ್ಳಿ ನೆಟ್ಟ ಹುಡುಗನನ್ನು ನೆನೆಸಿಕೊಳ್ಳಿ. ಅವನು ಬರೀ ದಿನ ದೂಡಲಿಲ್ಲ. ಮೂರು ವರ್ಷದ ಮೇಲೆ ಇಬ್ಬರೂ ಕೂಡಿ ಕೊಯ್ಯುವುದನ್ನು ಮಣ್ಣಿಗೆ ಇಟ್ಟ. ಅಗಲಿಕೆಯಲ್ಲಿ ಕೆಲಸ ಬೇಕೆಂದು ನಾನು ಹೇಳುವುದು ಮರೆಯಲಿಕ್ಕಲ್ಲ. ಮರೆಯಬೇಕಾದ ಅಗತ್ಯವೇನು? ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡುವ ಕೆಲಸ ಬೇರೆ ಬಗೆಯದು. ಟವರ್ ಸಿಕ್ಕಿದ ನಾಲ್ಕು ನಿಮಿಷದಲ್ಲಿ ‘ಯಾವಾಗ ಬರ್ತೀಯ’ ಎಂದು ದಿನಾ ಕೇಳಿದರೆ ಆ ಕಡೆಯವರ ಎದೆ ಭಾರವಾಗುತ್ತದೆ. ‘ಇವತ್ತು ಏನು ಮಾಡಿದೆ’ ಎಂದು ಕೇಳಿ ನೋಡಿ, ಮಾತು ಮುಗಿಯುವುದೇ ಇಲ್ಲ.

ತಿಂಗಳು ತುಂಬಿದರೂ ಅಗಲಿಕೆ ಮುಗಿಯದ ವರ್ಷಗಳೂ ಉಂಟು. 2024ರ ಆಷಾಢವನ್ನು ನಮ್ಮವರು ಮರೆತಿರಲಾರರು. ಜುಲೈ ತಿಂಗಳಲ್ಲಿ ಶಿರಾಡಿ ಘಾಟಿಯ ಹೆದ್ದಾರಿಗೆ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿಯಿತು. 26ನೇ ತಾರೀಖು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ರೈಲುಹಳಿಯ ಬುಡದ ಮಣ್ಣೇ ಜಾರಿಹೋಯಿತು. 57 ಸುರಂಗಗಳ ಆ ದಾರಿಯಲ್ಲಿ ರೈಲು ನಿಂತಿತು. ಆಗಸ್ಟ್ 4ಕ್ಕೆ ಭೀಮನ ಅಮಾವಾಸ್ಯೆ ಬಂತು, ಮರುದಿನ ಶ್ರಾವಣವೂ ಬಂತು. ಘಟ್ಟದ ಕೆಳಗೆ ಪುತ್ತೂರು, ಮಂಗಳೂರಿನಲ್ಲಿ ದುಡಿಯುವ ಗಂಡಂದಿರಿಗೆ ಪ್ರಯಾಣಿಕರ ರೈಲು ಮಾತ್ರ ಇನ್ನೂ ಇರಲಿಲ್ಲ. ಇನ್ನೇನು ಬಂದೇಬಿಟ್ಟರು ಎಂದುಕೊಂಡಾಗ ಮುಂದೆ ಹೋಗುವ ದಿನವಿದೆಯಲ್ಲ, ಅದರಷ್ಟು ಉದ್ದದ ದಿನ ಇನ್ನೊಂದಿಲ್ಲ.

ಆ ಹೊತ್ತಿನಲ್ಲಿ ನೂರಾರು ಕಾರ್ಮಿಕರು ಜಾರುವ ಇಳಿಜಾರಿನಲ್ಲಿ, ಸುರಿಯುವ ಮಳೆಯಲ್ಲೇ ನಿಂತು, ತಂತಿಬಲೆಗೆ ಕಲ್ಲು ತುಂಬಿ, ಮರಳಿನ ಮೂಟೆ ಒಟ್ಟಿ ಹಳಿಯ ಬುಡ ಕಟ್ಟಿದರು. ರೈಲುಹಳಿ ರಿಪೇರಿಗೆ ದೂರದೂರುಗಳಿಂದ ಬರುವವರ ಹೆಂಡತಿ ಮಕ್ಕಳು ಅವರವರ ಊರಿನಲ್ಲೇ ಉಳಿದಿರುತ್ತಾರೆ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇರುವ ಅಸ್ಸಾಮಿನ ಎಷ್ಟೋ ಗಂಡಸರದೂ ಅದೇ ಕಥೆ. ಅವರಿಗೆ ಆಷಾಢವೆಂಬ ಗಡುವಿಲ್ಲ, ಕರೆತರಲು ತವರಿನ ದಾರಿಯಿಲ್ಲ. ಊರಿಗೆ ಹೋಗಲು ಹಲವು ದಿನದ ರೈಲು. ಸಂಜೆ ಮಳೆ ಬಿಟ್ಟ ಗಳಿಗೆಯಲ್ಲಿ ಸಿಗ್ನಲ್ ಸಿಗುವ ದಿಬ್ಬ ಹುಡುಕಿ ಹತ್ತುವವರಲ್ಲಿ ಅವರೂ ಇರುತ್ತಾರೆ. ನಿಮ್ಮ ತೋಟದಲ್ಲಿ ಅಂಥವರಿದ್ದರೆ, ಇವತ್ತು ಮನೆಯವರ ಸುದ್ದಿ ಬಂತೇ ಎಂದು ಒಂದು ಮಾತು ಕೇಳಿ. ಕರೆಂಟು ಇರುವ ಕಡೆ ಅವರ ಫೋನಿಗೂ ಒಂದಿಷ್ಟು ಹೊತ್ತು ಚಾರ್ಜಿಗೆ ಜಾಗ ಕೊಡಿ.