ಗಡಿಯ ಆಚೆ, ಗಡಿಯ ಈಚೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ಕ್ಷಮಿಸಬೇಕು, ನಾನು ಆಸ್ಪತ್ರೆ ಖರ್ಚಿನ ಬಗ್ಗೆ ಮಾತಾಡುತ್ತೇನೆ.

ನಮ್ಮ ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು. ಪಕ್ಕದ ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಎರಡೂ ಕಡೆ ಅದೇ ಶೇಂಗಾ, ಅದೇ ಬರ. 2011ರಲ್ಲಿ ನಾನು ಬಿ.ಇ. ಓದುತ್ತಿದ್ದಾಗ ಅಪ್ಪನಿಗೆ ಬೈಪಾಸ್ ಮಾಡಿಸಬೇಕಾಯಿತು. ಎರಡು ಎಕರೆ ಹೊಲ ಮಾರಿದೆವು. ಅದೇ ವರ್ಷ ಕೂಡ್ಲಿಗಿ ಕಡೆಯ ಚಿಕ್ಕಪ್ಪನಿಗೂ ಅದೇ ಆಪರೇಷನ್ ಆಯಿತು. ಅವರು ಬಿಪಿಎಲ್ ಕಾರ್ಡ್ ತೋರಿಸಿದರು, ಬಿಲ್ ಕಟ್ಟಲಿಲ್ಲ. ಕಾರ್ಡ್ ನಮ್ಮಲ್ಲೂ ಇತ್ತು. "ಅವನ ಹಣೆಬರಹ ಗಟ್ಟಿ" ಎಂದಳು ಅಜ್ಜಿ.

ಅದು ಹಣೆಬರಹವಲ್ಲ, ಜಿಲ್ಲೆಯ ಗಡಿ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಬಳ್ಳಾರಿ ಅದರೊಳಗಿತ್ತು, ನಾವಿರಲಿಲ್ಲ. ಹಿಂದುಳಿದ ಕಡೆಯಿಂದ ಆರಂಭಿಸಿದ್ದನ್ನು ತಪ್ಪು ಎನ್ನಲಾರೆ. ಹೊಲ ಹೋದದ್ದಂತೂ ನಿಜ.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಆಫೀಸಿನಲ್ಲಿ ಕೂತು ಓದಿದೆ. ಇಂಥದೇ ಗಡಿಯ ಆಚೆ 300 ಹಳ್ಳಿ, ಈಚೆ 272 ಹಳ್ಳಿ. ಯೋಜನೆಯಲ್ಲಿದ್ದ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಈಚೆ ಶೇ 0.90, ಆಚೆ ಶೇ 0.32. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಹಣವೂ ಆಚೆ ಶೇ 34ರಷ್ಟು ಕಡಿಮೆ. ಆಚೆಯ ಹವಾಮಾನವೋ ಆಸ್ಪತ್ರೆಯೋ ಚೆನ್ನಾಗಿದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೇ ಅವರು ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳನ್ನೂ ಎಣಿಸಿದರು. ಅವರಲ್ಲಿ ಗಡಿಯ ಎರಡು ಬದಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಾವೂ ಹೊಸ ಆ್ಯಪನ್ನು ಅರ್ಧ ಜನಕ್ಕೆ ಕೊಟ್ಟು ಹೀಗೇ ಹೋಲಿಸುತ್ತೇವೆ. ಆದರೆ ಅಲ್ಲಿ ಯಾರೂ ಸಾಯುವುದಿಲ್ಲ. 0.90 ಎಂಬ ಅಂಕಿಯ ಹತ್ತಿರ ಬಂದಾಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದೆ.

ಆ ಯೋಜನೆಗೆ ಬಡವರು ಪ್ರೀಮಿಯಂ ಕಟ್ಟಿರಲಿಲ್ಲ, ಹಣ ಸರ್ಕಾರದ್ದು, ಅಂದರೆ ತೆರಿಗೆಯದ್ದು. "ನಮ್ಮ ಟ್ಯಾಕ್ಸ್, ಅವರಿಗೆ ಬಿಟ್ಟಿ" ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ. ನನ್ನ ಆದಾಯ ತೆರಿಗೆಯ ಮೇಲೂ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಬೀಳುತ್ತದೆ. ಆದರೆ ಸೋಪು ಕೊಳ್ಳುವ ಕೂಲಿಯವನೂ ಜಿಎಸ್‌ಟಿ ಕಟ್ಟುತ್ತಾನೆ. ಅವನಿಗೆ ರಸೀದಿ ಬರುವುದಿಲ್ಲ, ಅಷ್ಟೇ.

ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಗಡಿಯ ತಾಪತ್ರಯ ಇಲ್ಲ. ಆದರೆ ಅಪ್ಪನ ದಿನದ ಮಾತ್ರೆಗಳನ್ನು ಇಂದಿಗೂ ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟೇ ತರುತ್ತೇವೆ. ನಮ್ಮ ಮನೆಯಲ್ಲಿ ನಾನಿದ್ದೇನೆ. ಉಳಿದ ಮನೆಗಳಲ್ಲಿ ಎಷ್ಟು ಜನ ಅರ್ಧ ತಿಂಗಳ ಮಾತ್ರೆ ಮಾತ್ರ ತರುತ್ತಾರೆ? ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠ ಮುಗಿದ ಮೇಲೆ ನಮ್ಮ ಊರಿನಲ್ಲೇ ಮನೆಮನೆಗೆ ಹೋಗಿ ಕೇಳಬಹುದು. ಗಣಿತದ ಮೇಷ್ಟ್ರು ಒಪ್ಪಿದರೆ, ದಸರಾ ರಜೆಗೆ ನಾನೂ ಬರುತ್ತೇನೆ.