ಮಕ್ಕಳ ಬಾಯಲ್ಲಿ ಒರಟು ಮಾತು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಈ ವೇದಿಕೆಯ ಮೇಲೆ ವಿದ್ವಾಂಸರು ಈಗಾಗಲೇ ಮಾತನಾಡಿದ್ದಾರೆ. ನಮಗೆ ಗೊತ್ತುಮಾಡಿದ ವಿಷಯವು ಅಷ್ಟು ದೊಡ್ಡದಲ್ಲ. ಮಕ್ಕಳು ಸಣ್ಣಪುಟ್ಟ ಒರಟು ಮಾತುಗಳನ್ನಾಡಿದರೆ ತಾಯಿತಂದೆಗಳು ಸುಮ್ಮನಿರಬೇಕೇ, ತಡೆಯಬೇಕೇ ಎಂಬುದಷ್ಟೇ ಪ್ರಶ್ನೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆಗಳಂಥ ಗಡಿಯೂರುಗಳಲ್ಲಿ ಈ ಸಣ್ಣ ಪ್ರಶ್ನೆಯೊಡನೆ ಮನೆಯ ಕನ್ನಡದ ಅಳಿವು ಉಳಿವುಗಳೂ ಹೆಣೆದುಕೊಂಡಿವೆ. ಇದು ನಮ್ಮ ಅನುಭವಕ್ಕೆ ಬಂದಿರುವುದರಿಂದ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಪಾಲಕರೊಬ್ಬರು ನಮ್ಮನ್ನು ಕಾಣಲು ಬಂದರು. ಅವರ ಎಂಟು ವರ್ಷದ ಮಗನು ತಂಗಿಯನ್ನು 'ಖೋಡಿ' ಎಂದು ಬೈದಿದ್ದನು. ಮನೆಗೆ ಬಂದ ನೆಂಟರ ಹುಡುಗನಿಗೆ 'ಮಂಗ್ಯಾ' ಎಂದಿದ್ದನು. "ಇದೆಲ್ಲಾ ನಮ್ಮ ಅವ್ವನ ಕಡಿಂದ ಕಲ್ತದ್ದರೀ ಸರ. ಹಳ್ಳಿ ಕನ್ನಡ ಅಂದ್ರ ಬರೇ ಬೈಗಳಾನ. ಇನ್ನ ಮ್ಯಾಲ ಮನ್ಯಾಗ ಮರಾಠೀನ ಮಾತಾಡೂದು ಅಂತ ಠರಾಯಿಸೀವಿ" ಎಂದರು. ಅಕ್ಕಲಕೋಟೆ ತಾಲೂಕಿನ ಹಳ್ಳಿಯಿಂದ ಬಂದಿದ್ದ ಆ ಮುದುಕಿಯ ಮಗ್ಗುಲಲ್ಲಿ ಮೊಮ್ಮಗನು ಮಲಗುವುದೂ ನಿಂತಿತು. ವರ್ಷ ಕಳೆದ ಮೇಲೆ ಅದೇ ಹುಡುಗನು ಓಣಿಯಲ್ಲಿ ಆಡುವಾಗ ಹಿಂದಿ, ಮರಾಠಿಗಳಲ್ಲಿ ಅದಕ್ಕಿಂತ ಹತ್ತು ಪಾಲು ಕೆಟ್ಟ ಮಾತುಗಳನ್ನಾಡುವುದನ್ನು ನಾವೇ ಕಿವಿಯಾರೆ ಕೇಳಿದೆವು. ಬೈಗಳು ಬಾಯಿಂದ ಹೋಗಿರಲಿಲ್ಲ. ಕನ್ನಡ ಮಾತ್ರ ಹೋಗಿತ್ತು.

ಇದರಲ್ಲಿ ಮರಾಠಿಯ ದೋಷವೇನೂ ಇಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ನಮ್ಮ ಊರು ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ನುಡಿಗಳ ಊರು. ಮಗ್ಗಗಳ ಸದ್ದಿನ ಓಣಿಗಳಲ್ಲಿ ಬೆಳೆಯುವ ಹುಡುಗನು ನಾಲ್ಕು ಭಾಷೆಗಳ ಸವಿಮಾತುಗಳನ್ನು ಕಲಿಯುವಂತೆಯೇ ನಾಲ್ಕು ಭಾಷೆಗಳ ಒರಟು ಮಾತುಗಳನ್ನೂ ಕಲಿಯುತ್ತಾನೆ. ಬೈಗಳಿಲ್ಲದ ಭಾಷೆಯು ಲೋಕದಲ್ಲಿ ಇಲ್ಲ. ಮರಾಠಿಯ 'ಗಾಢವ' ಎಂದರೂ ಕತ್ತೆಯೇ, ಕನ್ನಡದ 'ಕತ್ತೆ' ಎಂದರೂ ಕತ್ತೆಯೇ. ಒಂದನ್ನು ಪೇಟೆಯ ಮಾತೆಂದು ಸೈರಿಸಿ, ಮತ್ತೊಂದನ್ನು ಹಳ್ಳಿಯ ಮಾತೆಂದು ಹಳಿಯುವ ನಮ್ಮ ಕಿವಿಯಲ್ಲಿಯೇ ದೋಷವುಂಟು.

ಮಗುವು ಒರಟು ಮಾತನ್ನು ಕಲಿಯುವ ಬಗೆಯಾದರೂ ಹೇಗೆ? ಮೂರು ನಾಲ್ಕು ವರ್ಷದ ಕೂಸಿಗೆ ಮಾತಿನ ಅರ್ಥ ತಿಳಿಯದು. ಅದರ ಪರಿಣಾಮ ಮಾತ್ರ ತಿಳಿಯುವುದು. ಒಂದು ಪದವನ್ನಾಡಿದೊಡನೆ ತಂದೆ ನಕ್ಕರೆ, ತಾಯಿ ಕೂಗಾಡಿದರೆ, ನೆಂಟರು ಬೆರಗಾದರೆ ಅದು ಬಲವುಳ್ಳ ಪದವೆಂದು ಕೂಸು ಅರಿತುಕೊಂಡು ಮತ್ತೆ ಮತ್ತೆ ಆಡುತ್ತದೆ. ಯಾರೂ ಲಕ್ಷ್ಯ ಕೊಡದಿದ್ದರೆ ಕೆಲವು ದಿನಗಳಲ್ಲಿ ತಾನಾಗಿ ಮರೆಯುವುದುಂಟು. ಎಂಟು ಹತ್ತು ವರ್ಷದ ಮಕ್ಕಳ ವಿಚಾರ ಬೇರೆ. ಅವರಿಗೆ ಸಿಟ್ಟು ಬರುತ್ತದೆ, ಅವಮಾನವಾಗುತ್ತದೆ. ಅದನ್ನು ಹೊರಹಾಕಲು ಮಾತಿಲ್ಲದಿದ್ದರೆ ಕೈ ಎತ್ತುತ್ತಾರೆ. ಹೊಡೆತಕ್ಕಿಂತ 'ಮಂಗ್ಯಾ' ಎಂಬ ಮಾತು ಎಷ್ಟೋ ವಾಸಿ.

ನಮ್ಮ ಹಿರಿಯರು ಒರಟು ಮಾತನ್ನು ಬೇರುಸಹಿತ ಕೀಳಲು ಹೋಗಲಿಲ್ಲ. ಅದಕ್ಕೊಂದು ಬೇಲಿ ಹಾಕಿದ್ದರು. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಹಳಿಯುವ ಪದ್ಧತಿಯುಂಟು. ಬೀಗರು ನಕ್ಕು ಹೋಳಿಗೆ ಉಣ್ಣುವರೇ ಹೊರತು ಸಿಟ್ಟಾಗಿ ಏಳರು. ಹೋಳಿಹುಣ್ಣಿಮೆಯಲ್ಲಿ ಕಾಮನನ್ನು ಸುಡುವಾಗ ಬಾಯಿ ಬಡಿದುಕೊಂಡು ಕೂಗುವುದುಂಟು. ಮರುದಿನ ಅದೇ ಮಾತನ್ನಾಡಿದರೆ ಮನೆಯ ಹಿರಿಯರು ಸಹಿಸುತ್ತಿರಲಿಲ್ಲ. 'ಲೇ' ಎಂಬ ಒಂದಕ್ಷರವನ್ನೇ ನೋಡಿರಿ. ಗೆಳೆಯನಿಗೆ 'ಬಾರಲೇ' ಎಂದರೆ ಸಲಿಗೆ, ಮಾಮನಿಗೆ ಅಂದರೆ ಉದ್ಧಟತನ. ಅವ್ವನಿಗೆ 'ನೀ' ಎನ್ನುವುದು ನಮ್ಮ ಸೀಮೆಯಲ್ಲಿ ಪ್ರೀತಿ. ಅದನ್ನು ಒರಟೆಂದು ತಿದ್ದಹೊರಟವರು ನಮ್ಮ ನುಡಿಯನ್ನು ಅರಿಯದವರು. ಇನ್ನು ಅಜ್ಜಿಯು ಮೊಮ್ಮಗನನ್ನು ತಬ್ಬಿಕೊಂಡು 'ನಿನ್ನ ಹೆಣಾ ಎತ್ಲಿ' ಎನ್ನುವುದನ್ನು ಕೇಳದವರು ಈ ಸಭೆಯಲ್ಲಿ ಯಾರಿದ್ದಾರೆ? ಶಬ್ದಾರ್ಥವನ್ನು ನೋಡಿದರೆ ಘೋರ ಶಾಪ, ಆಡಿದ ಬಾಯಿಯನ್ನು ನೋಡಿದರೆ ಮುದ್ದು.

ಹಾಗಾದರೆ ಎಲ್ಲ ಮಾತುಗಳನ್ನೂ ಬಿಟ್ಟುಕೊಡಬಹುದೇ ಎಂದು ಕೇಳುವಿರಿ. ಖಂಡಿತವಾಗಿಯೂ ಕೂಡದು. ಕಿವಿಗೆ ಮೆತ್ತಗೆ ಕೇಳಿಸುವ ಕೆಲವು ಪದಗಳ ಹೊಟ್ಟೆಯಲ್ಲಿ ವಿಷವುಂಟು. 'ಮುಂಡೆ' ಎಂಬ ಪದವನ್ನು ಕೆಲವು ಕಡೆ ಹಗುರಾಗಿ, ಮುದ್ದಿಗೂ ಬಳಸುತ್ತಾರೆ. ಗಂಡನನ್ನು ಕಳೆದುಕೊಂಡವಳ ತಲೆ ಬೋಳಿಸುತ್ತಿದ್ದ ಕ್ರೂರ ಪದ್ಧತಿಯ ನೆರಳು ಅದರ ಮೇಲಿದೆ. ಕುಂಟ, ಕುರುಡ ಎಂದು ಅಂಗದ ಊನವನ್ನು ಹಿಡಿದು ಕೂಗುವುದೂ, ಮೈಬಣ್ಣವನ್ನು ಹಿಡಿದು ಹಂಗಿಸುವುದೂ ಇದೇ ಜಾತಿಯವು. ಎಲ್ಲಕ್ಕೂ ಮಿಗಿಲಾದುದು ಕುಲದ ಹೆಸರನ್ನು ಬೈಗಳಾಗಿ ಆಡುವುದು.

ಈ ವಿಷಯದಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳದಿದ್ದರೆ ಈ ಭಾಷಣವು ಪ್ರಾಮಾಣಿಕವಾಗದು. ವೃತ್ತಿಯ ಆರಂಭದ ದಿನಗಳಲ್ಲಿ ನಮ್ಮ ತರಗತಿಯಲ್ಲಿ ಇಬ್ಬರು ಹುಡುಗರು ಜಗಳವಾಡಿದರು. ಒಬ್ಬನು ಮತ್ತೊಬ್ಬನನ್ನು ಅವನ ಕುಲದ ಹೆಸರಿನಿಂದ ಕೂಗಿದನು. ಅವನು ತಿರುಗಿ 'ಹಲಕಟ್' ಎಂದನು. ನಾವು 'ಹಲಕಟ್' ಎಂದವನನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಮೊದಲನೆಯವನು ಆಡಿದ ಪದವು ಶಾಲೆಯ ದಾಖಲೆ ಪುಸ್ತಕದಲ್ಲಿಯೇ ಇರತಕ್ಕದ್ದು, ಅದು ಬೈಗಳು ಹೇಗಾದೀತು ಎಂಬುದು ಅಂದಿನ ನಮ್ಮ ತಿಳಿವಳಿಕೆ. ಹುಡುಗನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಕಲ್ಲುಕೆಲಸದ ಅವನ ತಾಯಿಯು ಬಂದು, "ಹಲಕಟ್ ಅಂದದ್ದು ನನ್ನ ಮಗಂದು ತಪ್ಪರೀ ಸರ. ಆದರ ಅವಗ ಒಂದ ಹೆಸರದರೀ. ಆ ಹೆಸರ್ಲೆ ಕರೀಲಿ" ಎಂದಳು. ನಮಗೆ ಉತ್ತರ ತೋಚಲಿಲ್ಲ. ಮರುದಿನ ತರಗತಿಯ ಮುಂದೆ ಆ ಹುಡುಗನ ಕ್ಷಮೆ ಕೇಳಿದೆವು. ಅವನು ತಲೆ ಎತ್ತಿ ನಮ್ಮನ್ನು ನೋಡಲು ಬಹಳ ದಿನ ಹಿಡಿಯಿತು.

ಆಮೇಲೆ ಶೂನ್ಯಸಂಪಾದನೆಯ ಪ್ರಸಂಗವೊಂದನ್ನು ಪಾಠ ಹೇಳುವಾಗಲೆಲ್ಲ ಆ ತಾಯಿಯ ನೆನಪಾಗುತ್ತದೆ. ಅದು ಈ ಸೊನ್ನಲಿಗೆಯಲ್ಲಿಯೇ ನಡೆದ ಪ್ರಸಂಗ. ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುವು ಬಂದು ಅವನನ್ನು 'ಒಡ್ಡ'ನೆಂದು ಕರೆಯುತ್ತಾನೆ. ಕೆಲಸದ ಜನರು ಕೆರಳಿ ಅಲ್ಲಮನ ಮೇಲೆ ಕಲ್ಲೆಸೆಯುತ್ತಾರೆ. ಪ್ರಭುದೇವನ ಉದ್ದೇಶ ಬೇರೆಯೇ ಇದ್ದಿತು, ಅದಿರಲಿ. ಮಣ್ಣು ಕಲ್ಲುಗಳ ಕೆಲಸ ಮಾಡುವವರ ಕುಲದ ಹೆಸರು ಅಂದಿಗೇ ಕಲ್ಲೆಸೆಯುವಷ್ಟು ಸಿಟ್ಟು ತರಿಸುವ ನಿಂದೆಯಾಗಿತ್ತೆಂಬುದನ್ನು ಮಾತ್ರ ಗಮನಿಸಿರಿ. ಯಾರ ಕೈ ತೋಡಿದ ಕೆರೆಯಿಂದ ಊರು ನೀರು ಕುಡಿಯಿತೋ ಅವರ ಹೆಸರನ್ನೇ ಬೈಗಳಾಗಿ ಮಾಡಿಕೊಂಡ ನಾಲಗೆ ನಮ್ಮದು. ಪರಿಶಿಷ್ಟ ಜಾತಿ ಪಂಗಡಗಳವರನ್ನು ನಾಲ್ವರ ಮುಂದೆ ಜಾತಿಯ ಹೆಸರೆತ್ತಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯಿದೆ ಮತ್ತು 2015ರ ಅದರ ತಿದ್ದುಪಡಿಯಂತೆ ಅಪರಾಧ. ಆದರೆ ಕಾಯಿದೆಯು ಅಂಗಳದವರೆಗೆ ಬಂದೀತು. ಅಡಿಗೆಮನೆಯ ಮಾತನ್ನು ತಿದ್ದಬೇಕಾದವರು ತಾಯಿತಂದೆಗಳೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮಗುವಿನ ಮಾತನ್ನು ಅದರ ಸದ್ದಿನಿಂದ ಅಳೆಯದೆ, ಅದು ಯಾರಿಗೆ ತಾಕಿತು ಎಂಬುದರಿಂದ ಅಳೆಯಿರಿ. ಸರಿಕರೊಳಗಿನ 'ಖೋಡಿ', 'ಮಂಗ್ಯಾ'ಗಳನ್ನು ಕಂಡೂ ಕಾಣದಂತೆ ಬಿಡಿರಿ. ಹಿರಿಯರ ಮುಂದೆ ಆಡಿದರೆ ಮೆಲ್ಲಗೆ ತಡೆಯಿರಿ. ಕುಲ, ಅಂಗ, ಹೆಣ್ಣಿನ ಮಾನ ಇವುಗಳನ್ನು ಮುಟ್ಟುವ ಮಾತು ಎಷ್ಟೇ ಸಣ್ಣದಾಗಿರಲಿ, ನಗುತ್ತ ಆಡಿದ್ದಾಗಿರಲಿ, ಅಂದೇ ಕೂರಿಸಿಕೊಂಡು ಅದರ ಅರ್ಥವನ್ನು ಬಿಡಿಸಿ ಹೇಳಿರಿ. ಹೊಡೆಯಬೇಡಿರಿ, ಬೈಯುತ್ತ ಬೈಗಳನ್ನು ಬಿಡಿಸಲಾಗದು. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. 'ದಡ್ಡ', 'ಕತ್ತೆ' ಎಂಬ ಮಾತುಗಳನ್ನು ನಾವು ಶಿಕ್ಷಕರು ಮೊದಲು ಬಿಡಬೇಕು. ಬಳಿಕ ಮಕ್ಕಳಿಗೆ ಹೇಳಬೇಕು.

ಕೊನೆಯ ಮಾತು. ಯಾವ ಹಳ್ಳಿಯ ಕನ್ನಡವು ಬರೇ ಬೈಗಳೆಂದು ಆ ಪಾಲಕರಿಗೆ ಅನಿಸಿತೋ, ಅಂಥದೇ ಕನ್ನಡದಲ್ಲಿ ಹೆಣ್ಣುಮಕ್ಕಳು ಬೀಸುವಾಗ ಹಾಡಿದ ತ್ರಿಪದಿಗಳನ್ನು ಭೀಮಾನದಿಯ ಆಚೆ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅದೇ ತ್ರಿಪದಿಯಲ್ಲಿ ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮ ಪುರಾಣವನ್ನು ರಚಿಸಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೆನಿಸಿದರು. ಬೈಗಳೂ ಹಾಡೂ ಬರುವುದು ಒಂದೇ ಬಾಯಿಂದ. ನಾಲ್ಕು ಒರಟು ಮಾತುಗಳಿಗೆ ಅಂಜಿ ಅಜ್ಜಿಯ ಮಗ್ಗುಲಿಂದ ಮಗುವನ್ನು ಎಬ್ಬಿಸಿದರೆ ಹಾಡನ್ನೂ ಕಥೆಯನ್ನೂ ಅದರೊಡನೆ ಕಳೆದುಕೊಳ್ಳುತ್ತೇವೆ. ಆ ಮುದುಕಿಯು ಈಗಿಲ್ಲ. ಆದರೆ ನಿಮ್ಮ ಮನೆಗಳಲ್ಲಿ ಅಜ್ಜಿಯರಿದ್ದಾರೆ. ಇಂದು ರಾತ್ರಿ ಮಕ್ಕಳನ್ನು ಅವರ ಮಗ್ಗುಲಲ್ಲಿ ಮಲಗಿಸಿರಿ ಎಂದು ಬೇಡಿಕೊಳ್ಳುತ್ತೇವೆ.